ಬೆನ್ನಿಗೊಂದು ಚೀಲ, ಕೈಯಲ್ಲಿ ಸಾಕಷ್ಟು ದಿನ: ಕೊಡಗಿನಿಂದ ನೆಲದ ದಾರಿಯಲ್ಲಿ ದೇಶ ಸುತ್ತುವವರಿಗೆ

ನಮ್ಮ ಜಿಲ್ಲೆಯಲ್ಲಿ ರೈಲಿಲ್ಲ. ವಿಮಾನವಂತೂ ಇಲ್ಲವೇ ಇಲ್ಲ. ಎಲ್ಲಿಗೆ ಹೊರಟರೂ ಮೊದಲು ಬಸ್ಸು ಹತ್ತಬೇಕು, ಆನೆಕಾಡು ದಾಟಿ ಕುಶಾಲನಗರಕ್ಕೆ ಇಳಿಯಬೇಕು, ಇಲ್ಲ ಸಂಪಾಜೆ ಘಾಟಿ, ಇಲ್ಲ ಮಾಕುಟ್ಟ. ತಿರುವಿನ ರಸ್ತೆ, ನಿಧಾನದ ಬಸ್ಸು, ಕಿಟಕಿಯಾಚೆ ಮಂಜು, ಇದೆಲ್ಲ ನಮಗೆ ಹುಟ್ಟಿನಿಂದ ಅಭ್ಯಾಸ. ಹಾಗಾಗಿ ಬೆನ್ನಿಗೆ ಚೀಲ ಹಾಕಿಕೊಂಡು ಬಸ್ಸು, ರೈಲು, ದೋಣಿಗಳಲ್ಲಿ ದೇಶದಿಂದ ದೇಶಕ್ಕೆ ಹೋಗುವ ಕೆಲಸಕ್ಕೆ ಕೊಡಗಿನವರು ಅರ್ಧ ತಯಾರಾಗಿಯೇ ಇರುತ್ತೇವೆ ಎಂದು ನನಗೆ ಅನ್ನಿಸುತ್ತದೆ. ಉಳಿದರ್ಧದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ಇಂಥ ಎರಡು ದೊಡ್ಡ ಪ್ರಯಾಣ ಮಾಡಿದ್ದೇನೆ. ಎರಡರಲ್ಲೂ ಜೊತೆಗಿದ್ದವಳು ಚಿಕ್ಕಪ್ಪನ ಮಗಳು, ನನ್ನ ತಂಗಿ. ಮೊದಲನೆಯದು ಮಡಿಕೇರಿಯಿಂದ ನೇಪಾಳದ ಪೋಖರಾಕ್ಕೆ, ಎಲ್ಲೂ ವಿಮಾನ ಹತ್ತದೆ. ಎರಡನೆಯದು ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ, ಕಾಂಬೋಡಿಯಾ, ಏಳು ವಾರ. ವಾಪಸ್ ಬಂದ ಮೇಲೆ ಮದುವೆ ಮನೆಯಲ್ಲಿ, ಸಂತೆಯಲ್ಲಿ ಸಿಕ್ಕವರೆಲ್ಲ ಕೇಳಿದ್ದು ಎರಡೇ ಪ್ರಶ್ನೆ. ಎಷ್ಟು ಖರ್ಚಾಯಿತು? ಎಷ್ಟು ದೇಶ ಆಯಿತು? ದಾರಿಗೆ ಎಷ್ಟು ದಿನ ಇಟ್ಟುಕೊಂಡಿದ್ದಿರಿ ಎಂದು ಯಾರೂ ಕೇಳಲಿಲ್ಲ. ನೆಲದ ದಾರಿಯಲ್ಲಿ ಹೋಗುವವರು ಎಲ್ಲಕ್ಕಿಂತ ಮೊದಲು ಕೂತು ಲೆಕ್ಕ ಹಾಕಬೇಕಾದ್ದು ಅದನ್ನೇ.

ಮೊದಲು ದಿನ, ಆಮೇಲೆ ದೇಶ

ನಿಮ್ಮ ಕೈಯಲ್ಲಿರುವ ದಿನಗಳನ್ನು ಒಂದು ಕಾಗದದಲ್ಲಿ ಬರೆಯಿರಿ. ನೋಡಬೇಕು ಅಂದುಕೊಂಡ ಊರುಗಳನ್ನು ಪಕ್ಕದಲ್ಲಿ ಬರೆಯಿರಿ. ಈಗ ಊರುಗಳಲ್ಲಿ ಅರ್ಧ ಹೊಡೆದುಹಾಕಿ. ಒಂದು ತಿಂಗಳಿಗೆ ಎರಡು ದೇಶ ಸಾಕು, ನಿಜವಾಗಿ ಹೇಳಬೇಕೆಂದರೆ ಒಂದೇ ಸಾಕು. ನಾವು ಏಳು ವಾರದಲ್ಲಿ ನಾಲ್ಕು ದೇಶ ಅಂತ ಹೊರಟು ಕೊನೆಗೆ ಕಾಂಬೋಡಿಯಾಕ್ಕೆ ಉಳಿದದ್ದು ಐದೇ ದಿನ. ಅಂಗ್‌ಕೋರ್ ದೇವಾಲಯಗಳನ್ನು ನಿದ್ದೆಗಣ್ಣಿನಲ್ಲಿ ನೋಡಿಕೊಂಡು ಬಂದೆವು. ಅಷ್ಟು ದೂರ ಹೋಗಿ ಅಂಥ ಜಾಗವನ್ನು ಹಾಗೆ ನೋಡಿದ್ದಕ್ಕೆ ಇವತ್ತಿಗೂ ನನಗೆ ಬೇಜಾರಿದೆ.

ದಾರಿಯ ದಿನಗಳನ್ನು ಹಾಳಾದ ದಿನ ಅಂತ ಲೆಕ್ಕ ಹಾಕಬೇಡಿ. ವಿಮಾನದಲ್ಲಿ ಹೋದರೆ ಒಂದು ಊರು ಮುಚ್ಚಿ ಇನ್ನೊಂದು ಊರು ತೆರೆಯುತ್ತದೆ, ನಡುವೆ ಏನಿತ್ತು ಗೊತ್ತೇ ಆಗುವುದಿಲ್ಲ. ರೈಲಿನಲ್ಲಿ ಎರಡು ರಾತ್ರಿ ಕೂತಾಗ ನಮ್ಮ ಕೆಂಪು ಮಣ್ಣು ಕಪ್ಪಾಗುವುದು, ಕಪ್ಪು ಮಣ್ಣು ಗಂಗೆಯ ಬಯಲಿನ ಬೂದು ಬಣ್ಣಕ್ಕೆ ಬರುವುದು, ಸ್ಟೇಷನ್ನಿನಲ್ಲಿ ಕಾಫಿ ಹೋಗಿ ಚಹಾ ಬರುವುದು, ಇಡ್ಲಿ ಹೋಗಿ ಪೂರಿ ಪಲ್ಯ ಬರುವುದು ಎಲ್ಲ ಕಣ್ಣೆದುರೇ ಆಗುತ್ತದೆ. ನೆಲ ಎಲ್ಲೂ ಥಟ್ಟನೆ ಬದಲಾಗುವುದಿಲ್ಲ. ಅದನ್ನು ನೋಡುವುದಕ್ಕೇ ತಾನೇ ಈ ದಾರಿ ಹಿಡಿದದ್ದು?

ಒಂದು ಲೆಕ್ಕ ನೆನಪಿಡಿ. ಎಂಟು ಗಂಟೆಗಿಂತ ಜಾಸ್ತಿ ಬಸ್ಸಿನಲ್ಲಿ ಕೂತ ದಿನದ ಮರುದಿನ ಎಲ್ಲಿಗೂ ಹೋಗಬೇಡಿ. ಬಟ್ಟೆ ಒಗೆಯಿರಿ, ಮಾರುಕಟ್ಟೆ ಸುತ್ತಿ, ಮಲಗಿ.

ಕಾಫಿ ಕೆಲಸ ನೋಡಿಕೊಂಡು ಯಾವಾಗ ಹೊರಡುವುದು

ತೋಟ ಇರುವ ಮನೆಯವರಿಗೆ ಇದೇ ದೊಡ್ಡ ತೊಡಕು. ನವೆಂಬರ್‌ಗೆ ಅರೇಬಿಕಾ ಕೊಯ್ಲು ಶುರು, ಜನವರಿಯಿಂದ ಮಾರ್ಚ್‌ವರೆಗೆ ರೊಬಸ್ಟಾ, ಅದರ ಹಿಂದೆಯೇ ಸ್ಪ್ರಿಂಕ್ಲರ್ ಓಡಿಸುವುದು, ಕಾಫಿ ಹೂ ಅರಳಿಸುವ ಹೂಮಳೆ ಕಾಯುವುದು. ಥಾಯ್ಲೆಂಡ್, ಲಾವೋಸ್ ಕಡೆ ಹೋಗಲು ಒಳ್ಳೆಯ ಕಾಲ ನವೆಂಬರ್‌ನಿಂದ ಫೆಬ್ರವರಿ, ಅಂದರೆ ಸರಿಯಾಗಿ ನಮ್ಮ ಕೊಯ್ಲಿನ ಹೊತ್ತು. ಕೊಯ್ಲು ಮುಗಿಸಿ ಮಾರ್ಚ್, ಏಪ್ರಿಲ್‌ಗೆ ಹೋಗೋಣ ಅಂದರೆ ಅಲ್ಲಿನ ಉತ್ತರ ಭಾಗದಲ್ಲಿ ಹೊಲ, ಗುಡ್ಡಗಳಿಗೆ ಬೆಂಕಿ ಹಾಕುವ ಕಾಲ. ಹೊಗೆ ತುಂಬಿ ಎದುರಿನ ಬೆಟ್ಟವೂ ಕಾಣುವುದಿಲ್ಲ, ಬಿಸಿಲೂ ಸುಡುತ್ತದೆ.

ನೇಪಾಳ ಮಾತ್ರ ನಮಗೆ ಹೇಳಿ ಮಾಡಿಸಿದ ಹಾಗಿದೆ. ಅಲ್ಲಿ ಆಕಾಶ ತಿಳಿಯಾಗುವುದು ಅಕ್ಟೋಬರ್, ನವೆಂಬರ್‌ನಲ್ಲಿ. ಅಕ್ಟೋಬರ್ ಮಧ್ಯದಲ್ಲಿ ಕಾವೇರಿ ಸಂಕ್ರಮಣದ ತೀರ್ಥ ತೆಗೆದುಕೊಂಡು ಹೊರಟರೆ ಅರೇಬಿಕಾ ಜೋರಾಗುವ ಹೊತ್ತಿಗೆ ಮನೆಗೆ ಬರಬಹುದು, ನಮ್ಮ ಸುಗ್ಗಿ ಹಬ್ಬ ಪುತ್ತರಿಗೂ ಸಿಗುತ್ತೀರಿ. ದಸರಾ ಮಾತ್ರ ನೋಡಿಕೊಳ್ಳಿ. ಅಲ್ಲಿಯವರಿಗೆ ಅದು ದಶೈನ್, ವರ್ಷದ ದೊಡ್ಡ ಹಬ್ಬ, ಊರಿಗೆ ಹೋಗುವವರಿಂದ ಬಸ್ಸುಗಳು ತುಂಬಿ ತುಳುಕುತ್ತವೆ. ಮಡಿಕೇರಿ ದಸರಾ ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೆ ಬೇರೆ ಹೇಳಬೇಕಾಗಿಲ್ಲ.

ನಾವು ಲಾವೋಸ್ ಕಡೆ ಹೋದದ್ದು 2024ರ ಮಳೆಗಾಲದಲ್ಲಿ. ಮಳೆ ನಮಗೇನು ಹೊಸದೇ? ಕೋಣೆಗಳು ಅಗ್ಗ, ಜನ ಕಡಿಮೆ, ಎಲ್ಲಿ ನೋಡಿದರೂ ನಾಟಿ ಹಸಿರು. ಆದರೆ ಒಂದು ಎಚ್ಚರಿಕೆ, ಇದನ್ನು ಮನಸ್ಸಿಟ್ಟು ಓದಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ನೋಡಿದ ನಮಗೆ ಬರೆ ಕುಸಿತ ಅಂದರೆ ಏನೆಂದು ಗೊತ್ತು. ಅದೇ ಥರದ ಗುಡ್ಡ, ಅದೇ ಥರದ ಕತ್ತರಿಸಿದ ರಸ್ತೆ ಅಲ್ಲೂ ಇದೆ. ನೇಪಾಳದಲ್ಲಿ 2024ರ ಜುಲೈ 12ರಂದು ಗುಡ್ಡ ಕುಸಿದು ಎರಡು ಬಸ್ಸುಗಳು ತ್ರಿಶೂಲಿ ನದಿಗೆ ಬಿದ್ದು ಕೊಚ್ಚಿಹೋದವು, ಆಗ ಇನ್ನೂ ಬೆಳಕು ಹರಿದಿರಲಿಲ್ಲ. ಮಳೆಗಾಲದಲ್ಲಿ ಬೆಟ್ಟದ ರಸ್ತೆಯಲ್ಲಿ ರಾತ್ರಿ ಬಸ್ಸು ಹತ್ತಲೇಬೇಡಿ. ಒಂದು ದಿನ ಉಳಿಯಲಿ, ದುಡ್ಡು ಉಳಿಯಲಿ, ಬೇಡ. ಲಾವೋಸ್‌ನ ನಾಂಗ್ ಖಿಯಾವ್‌ನಿಂದ ಬರುವಾಗ ನಮ್ಮ ವ್ಯಾನಿನ ಮುಂದೆ ಮಣ್ಣು ಜಾರಿ ಆರು ಗಂಟೆ ನಿಂತೆವು. ಹಗಲಾಗಿದ್ದರಿಂದ ಚಾಲಕನಿಗೆ ದೂರದಿಂದಲೇ ಕಂಡಿತು. ನೀರಿನ ಜೊತೆ ಸಣ್ಣ ಕಲ್ಲು ಉರುಳುತ್ತಿದ್ದದ್ದನ್ನು ನೋಡಿ ನನ್ನ ತಂಗಿ "ಅಕ್ಕಾ, ಇಳಿ, ಹಿಂದಕ್ಕೆ ನಡಿ" ಅಂದಳು. ಅವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಚೀಲ

ಚೀಲ ಕಟ್ಟಿದ ಮೇಲೆ ಅದನ್ನು ಕಾಫಿ ತೂಗುವ ತಕ್ಕಡಿಗೆ ನೇತುಹಾಕಿ. ಸುಮ್ನೆ ಹೇಳುತ್ತಿಲ್ಲ, ಹಾಗೇ ಮಾಡಿ. ಮೊದಲ ಸಲ ನನ್ನದು 14 ಕೆ.ಜಿ. ತೋರಿಸಿತು. ಕಣದಲ್ಲಿ ಕಾಫಿ ಚೆರಿ ಒಣಗಿಸುತ್ತಿದ್ದ ಅಪ್ಪ ಬಂದು ನೋಡಿ, ಇದನ್ನು ಹೊತ್ತುಕೊಂಡು ಗೇಟಿನವರೆಗೆ ಹೋಗಿ ಬಾ ಅಂದರು. ನಮ್ಮ ಗೇಟು ಮನೆಯಿಂದ ಒಂದು ಕಿಲೋಮೀಟರ್, ಏರು. ವಾಪಸ್ ಬಂದವಳೇ ಜಗಲಿ ಮೇಲೆ ಎಲ್ಲ ಸುರಿದೆ. ಎರಡು ಜೀನ್ಸ್, ಮೂರನೇ ಸ್ವೆಟರ್, ದಪ್ಪ ಟವೆಲ್, ಒಂದು ಡಬ್ಬ ಚಕ್ಕುಲಿ. ಎಲ್ಲ ಹೊರಗೆ. ಕೊನೆಗೆ 8 ಕೆ.ಜಿ.ಗೆ ಬಂತು. ಏಳೆಂಟು ಕೆ.ಜಿ. ದಾಟಿದರೆ ನಡೆಯುವುದು, ಬಸ್ಸಿನ ಮೇಲೆ ಹತ್ತಿಸುವುದು, ದೋಣಿಯಿಂದ ಮರಳಿಗೆ ಹಾರುವುದು ಎಲ್ಲವೂ ಕಷ್ಟದ ಕೆಲಸವಾಗುತ್ತದೆ.

ಮೂರು ಜೊತೆ ಬಟ್ಟೆ. ಒಂದು ಮೈಮೇಲೆ, ಒಂದು ಒಗೆದದ್ದು, ಒಂದು ಒಣಗುತ್ತಿರುವುದು. ಜೀನ್ಸ್ ಬೇಡ, ಒದ್ದೆಯಾದರೆ ಎರಡು ದಿನ ಒಣಗುವುದಿಲ್ಲ, ಇದು ಜುಲೈ ತಿಂಗಳ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ದಪ್ಪ ಟವೆಲ್ ಬದಲು ತೆಳು ಪಂಚೆ. ಒಂದು ಬೆಚ್ಚನೆಯ ಜಾಕೆಟ್, ಒಂದು ಮಳೆ ಜಾಕೆಟ್. ಮೊದಲೇ ಹಾಕಿ ಹದವಾದ ಶೂ, ಒಂದು ಜೊತೆ ಚಪ್ಪಲಿ. ಓಆರ್‌ಎಸ್ ಪುಡಿ, ಜ್ವರದ ಮಾತ್ರೆ, ಬ್ಯಾಂಡೇಜು, ನೀವು ದಿನಾ ತೆಗೆದುಕೊಳ್ಳುವ ಔಷಧಿ ಚೀಟಿಯ ಸಮೇತ. ಪಾಸ್‌ಪೋರ್ಟ್ ಅಳತೆಯ ಹತ್ತು ಫೋಟೋ, ಸಿಮ್ ಕಾರ್ಡಿಗೂ ವೀಸಾಕ್ಕೂ ಕೇಳುತ್ತಾರೆ.

ಚೀಲಕ್ಕೆ ಹೊರಗಿನಿಂದ ಹಾಕುವ ಮಳೆ ಹೊದಿಕೆಯನ್ನು ನಂಬಬೇಡಿ. ಬೆನ್ನಿನ ಕಡೆಯಿಂದ ನೀರು ಇಳಿದೇ ಇಳಿಯುತ್ತದೆ. ನಾವು ಮಾಡುವುದು ಇಷ್ಟು: ಗೊಬ್ಬರದ ಚೀಲದ ಒಳಗೆ ಬರುವ ಪ್ಲಾಸ್ಟಿಕ್ ಲೈನರ್ ತೆಗೆದು, ಸೋಪು ಹಾಕಿ ಮೂರು ನಾಲ್ಕು ಸಲ ತೊಳೆದು, ಬಿಸಿಲಿಗೆ ಒಣಗಿಸಿ, ಬೆನ್ನಚೀಲದ ಒಳಗೆ ಇಳಿಬಿಟ್ಟು, ಅದರೊಳಗೆ ಬಟ್ಟೆ ತುಂಬಿ, ಬಾಯಿ ತಿರುಚಿ ಮಡಚುವುದು. ಏಳು ವಾರದ ಮಳೆಯಲ್ಲಿ ಒಂದು ಹನಿ ನೀರು ಒಳಗೆ ಹೋಗಲಿಲ್ಲ. ಅಂಗಡಿಯಲ್ಲಿ ಸಾವಿರ ಕೊಟ್ಟು ತಂದದ್ದು ಮೊದಲ ಪ್ರಯಾಣದಲ್ಲೇ ಹರಿದಿತ್ತು.

ಊರಲ್ಲೇ ಒಂದು ಪರೀಕ್ಷೆ ಮಾಡಿ. ತುಂಬಿದ ಚೀಲ ಹೊತ್ತು ಮಡಿಕೇರಿಯಿಂದ ಅಬ್ಬಿ ಜಲಪಾತಕ್ಕೆ ನಡೆದು ಹೋಗಿ ಬನ್ನಿ, ಒಂದು ಕಡೆಗೆ ಸುಮಾರು ಎಂಟು ಕಿಲೋಮೀಟರ್. ಅದು ಸಲೀಸಾದರೆ ಇನ್ನೊಂದು ವಾರ ಕಕ್ಕಬ್ಬೆ ಕಡೆಯಿಂದ ತಡಿಯಂಡಮೋಳ್ ಹತ್ತಿ. 1,748 ಮೀಟರ್, ನಮ್ಮ ಜಿಲ್ಲೆಯ ಅತಿ ಎತ್ತರದ ಬೆಟ್ಟ. ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ತೆಗೆದುಕೊಳ್ಳಿ. ಶೂ ಎಲ್ಲಿ ಕಚ್ಚುತ್ತದೆ, ಚೀಲದ ಪಟ್ಟಿ ಯಾವ ಭುಜವನ್ನು ಎಳೆಯುತ್ತದೆ ಎಂದು ಇಲ್ಲೇ ಗೊತ್ತಾದರೆ ಒಳ್ಳೆಯದು, ಅಲ್ವಾ? ಇಂಬಳಕ್ಕೆ, ಅಂದರೆ ಜಿಗಣೆಗೆ, ಹೆದರಬೇಡಿ. ನೇಪಾಳದ ಮಳೆಕಾಡಿನಲ್ಲೂ ಇದೆ, ಜುಕಾ ಅನ್ನುತ್ತಾರೆ. ಉಪ್ಪು, ಸುಣ್ಣ ಅಲ್ಲೂ ಕೆಲಸ ಮಾಡುತ್ತದೆ.

ಕಾಗದಪತ್ರ

ನೇಪಾಳಕ್ಕೆ ಭಾರತೀಯರಿಗೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಸಾಕು. ಆಧಾರ್ ಇದ್ದರೆ ಆಯಿತಲ್ಲ ಎಂದುಕೊಂಡು ಹೊರಡಬೇಡಿ, ಹದಿನೈದರಿಂದ ಅರವತ್ತೈದು ವರ್ಷದವರಿಗೆ ಅದು ನಡೆಯುವುದಿಲ್ಲ. ಭೂತಾನ್‌ಗೂ ಇವೆರಡರಲ್ಲಿ ಒಂದು ನಡೆಯುತ್ತದೆ, ಆದರೆ ಅಲ್ಲಿ 2022ರ ಸೆಪ್ಟೆಂಬರ್‌ನಿಂದ ಭಾರತೀಯರಿಗೂ ಒಬ್ಬರಿಗೆ ಒಂದು ರಾತ್ರಿಗೆ 1,200 ರೂಪಾಯಿ ಶುಲ್ಕ ಇದೆ. ತಿಂಗಳುಗಟ್ಟಲೆ ಸುತ್ತುವ ಪ್ರಯಾಣಕ್ಕೆ ಅದು ಹೊಂದುವುದಿಲ್ಲ, ಬೇರೆಯಾಗಿಯೇ ಒಂದು ವಾರಕ್ಕೆ ಹೋಗಿ ಬನ್ನಿ.

ಉಳಿದ ದೇಶಗಳಿಗೆ ಪಾಸ್‌ಪೋರ್ಟಿನಲ್ಲಿ ಕಡಿಮೆ ಎಂದರೆ ಆರು ತಿಂಗಳ ಅವಧಿ ಇರಲಿ, ಖಾಲಿ ಪುಟಗಳೂ ಇರಲಿ. ವಿಯೆಟ್ನಾಂ ಇ-ವೀಸಾಕ್ಕೆ ಅರ್ಜಿ ಹಾಕುವಾಗ ಯಾವ ಗಡಿಯಿಂದ ಒಳಗೆ ಬರುತ್ತೀರಿ ಎಂದು ಕೇಳುತ್ತದೆ. ಎಲ್ಲ ಗಡಿಗಳಲ್ಲೂ ಇ-ವೀಸಾ ನಡೆಯುವುದಿಲ್ಲ. ಆ ಪಟ್ಟಿಯನ್ನು ನೋಡಿ ಬಸ್ಸು ಆರಿಸಿ, ಬಸ್ಸು ಆರಿಸಿ ಆಮೇಲೆ ಪಟ್ಟಿ ನೋಡಬೇಡಿ. ಸರ್ಕಾರದ ಜಾಲತಾಣವನ್ನೇ ಹುಡುಕಿ ಅಲ್ಲೇ ಅರ್ಜಿ ಹಾಕಿ, ಅದೇ ಥರ ಕಾಣುವ ಬೇರೆಯವರು ದುಪ್ಪಟ್ಟು ದುಡ್ಡು ಕೀಳುತ್ತಾರೆ.

ನಮ್ಮ ಕಡೆಯವರು ನೋಡಿಕೊಳ್ಳಬೇಕಾದ ಇನ್ನೊಂದು ಸಂಗತಿ ಹೆಸರು. ಕೆಲವರಿಗೆ ಮನೆಹೆಸರು ಮೊದಲು ಬರುತ್ತದೆ, ಕೆಲವರಿಗೆ ಬರೀ ಇನಿಶಿಯಲ್, ಕೆಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೇ ವೀಸಾದಲ್ಲೂ, ಟಿಕೆಟಿನಲ್ಲೂ ಇರಬೇಕು. ನನ್ನ ತಂಗಿಯ ಒಂದು ವೀಸಾದಲ್ಲಿ ಮನೆಹೆಸರು ಬಿಟ್ಟುಹೋಗಿ ಹೊಸದಾಗಿ ದುಡ್ಡು ಕಟ್ಟಿ ಮತ್ತೆ ಮಾಡಿಸಬೇಕಾಯಿತು. ನಿಯಮಗಳು ಬದಲಾಗುತ್ತಲೇ ಇರುತ್ತವೆ, ಹೊರಡುವ ಎರಡು ವಾರ ಮೊದಲು ಇನ್ನೊಮ್ಮೆ ನೋಡಿ.

ಮಡಿಕೇರಿಯಿಂದ ಪೋಖರಾ

ಮೊದಲ ಪ್ರಯಾಣಕ್ಕೆ ನಾನು ಎಲ್ಲರಿಗೂ ಇದನ್ನೇ ಹೇಳುತ್ತೇನೆ. ಮಡಿಕೇರಿಯಿಂದ ಮೈಸೂರಿಗೆ ಬಸ್ಸು, ಸುಮಾರು 120 ಕಿಲೋಮೀಟರ್. ಮೈಸೂರಿನಿಂದ ವಾರಾಣಸಿಗೆ ನೇರ ರೈಲಿದೆ, ಎರಡು ರಾತ್ರಿ. ಸ್ಲೀಪರ್‌ನಲ್ಲಿ ಕಿಟಕಿ ತೆರೆದು ಕೂರಬಹುದು, ಎ.ಸಿ.ಯಲ್ಲಿ ಗಾಜಿನ ಹಿಂದೆ. ಅಕ್ಟೋಬರ್ ಆದರೆ ಸ್ಲೀಪರ್ ಸಾಕು. ಹಬ್ಬದ ಕಾಲಕ್ಕೆ ಟಿಕೆಟನ್ನು ತಿಂಗಳ ಮೊದಲೇ ಮಾಡಿಡಿ. ವಾರಾಣಸಿಯಲ್ಲಿ ಎರಡು ದಿನ ನಿಂತು, ಗೋರಖ್‌ಪುರಕ್ಕೆ ಹೋಗಿ. 2023ರಲ್ಲಿ ನಮ್ಮ ಹುಬ್ಬಳ್ಳಿಯ 1,507 ಮೀಟರ್ ಪ್ಲಾಟ್‌ಫಾರಂ ಬರುವವರೆಗೆ ಗೋರಖ್‌ಪುರದ್ದೇ ಜಗತ್ತಿನಲ್ಲಿ ಉದ್ದದ್ದು. ಚೀಲ ಹೊತ್ತು ಆ ತುದಿಯಿಂದ ಈ ತುದಿಗೆ ನಡೆದರೆ ಎಂಟು ಕೆ.ಜಿ. ಬೆಲೆ ತಿಳಿಯುತ್ತದೆ.

ಗೋರಖ್‌ಪುರದಿಂದ ಸೋನೌಲಿ ಗಡಿಗೆ ಬಸ್ಸಿನಲ್ಲಿ ಮೂರು ಗಂಟೆ. ಗಡಿಗೆ ಬೆಳಿಗ್ಗೆಯೇ ತಲುಪಿ, ಇದು ಈ ಗಡಿಗಷ್ಟೇ ಅಲ್ಲ, ಎಲ್ಲ ಗಡಿಗೂ. ಸಂಜೆ ತಲುಪಿದರೆ ಸುಸ್ತಾಗಿರುತ್ತೀರಿ, ಕತ್ತಲಾಗುತ್ತಿರುತ್ತದೆ, ಆಗಲೇ ಯಾರೋ ಬಂದು ಕೊನೆಯ ಬಸ್ಸು ಹೊರಟಿತು, ನನ್ನ ಗಾಡಿಯಲ್ಲಿ ಬನ್ನಿ ಅನ್ನುತ್ತಾರೆ. ನಾವು ಹಾಗೆ ಸಿಕ್ಕಿಕೊಂಡು ಬಸ್ಸಿನ ಆರು ಪಟ್ಟು ಕೊಟ್ಟೆವು. ಗೇಟು ದಾಟಿ ಐದು ನಿಮಿಷ ನಡೆದಿದ್ದರೆ ಬಸ್ಸು ನಿಂತಿತ್ತು. ಗಡಿಯಲ್ಲಿ ನಿಮ್ಮ ಪಾಸ್‌ಪೋರ್ಟನ್ನು ಸಮವಸ್ತ್ರ ಇಲ್ಲದವರ ಕೈಗೆ ಕೊಡಬೇಡಿ. ಅವಸರ ಮಾಡುವವರನ್ನು ಕಂಡರೆ ಒಂದು ಕಡೆ ಕೂತು ನೀರು ಕುಡಿಯಿರಿ, ಹತ್ತು ನಿಮಿಷದಲ್ಲಿ ಅವರೇ ಬೇರೆಯವರ ಹಿಂದೆ ಹೋಗುತ್ತಾರೆ.

ಗಡಿ ದಾಟಿದ ಕೂಡಲೇ ಗಡಿಯಾರವನ್ನು 15 ನಿಮಿಷ ಮುಂದಿಡಿ. ದುಡ್ಡಿನ ಲೆಕ್ಕ ಸುಲಭ, ನಮ್ಮ 100 ರೂಪಾಯಿಗೆ ಅವರ 160. ನೂರರ ನೋಟುಗಳನ್ನು ಜಾಸ್ತಿ ಇಟ್ಟುಕೊಂಡು ಹೋಗಿ, ಐನೂರರ ನೋಟನ್ನು ಅಂಗಡಿಯವರು ಮುಟ್ಟದೆ ಇರಬಹುದು. ಬುದ್ಧ ಹುಟ್ಟಿದ ಲುಂಬಿನಿ ಅಲ್ಲೇ ಹತ್ತಿರ. ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡುತ್ತಾ ಬೆಳೆದ ನಮಗೆ ಅಲ್ಲಿ ಒಂದು ದಿನ ಕೂರಲೇಬೇಕು ಅನ್ನಿಸುತ್ತದೆ.

ಇನ್ನು ಪೋಖರಾಕ್ಕೆ ಹೋಗುವವರೆಲ್ಲ ಒಂದೇ ಬಸ್ಸಿನಲ್ಲಿ ಎಂಟೊಂಬತ್ತು ಗಂಟೆ ಕೂತು ಹೋಗಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ, ತಾನ್‌ಸೆನ್‌ನಲ್ಲಿ ಇಳಿಯಿರಿ. ಬುಟ್ವಲ್ ತನಕ ಗದ್ದೆ ಬಯಲು, ಒಂದು ತಿರುವಿಗೆ ಬೆಟ್ಟ ಶುರು. ಒಂದು ಕಡೆ ಕಮರಿ, ಇನ್ನೊಂದು ಕಡೆ ಬಂಡೆ, ಹಾರ್ನ್ ಹೊಡೆಯುತ್ತಾ ಬಸ್ಸು ಏರುವಾಗ ಕಣ್ಣು ಮುಚ್ಚಿದರೆ ಸಂಪಾಜೆ ಘಾಟಿಯೇ. ತಾನ್‌ಸೆನ್ ಸುಮಾರು 1,350 ಮೀಟರ್ ಎತ್ತರದಲ್ಲಿದೆ, ಮಡಿಕೇರಿಗಿಂತ ಸ್ವಲ್ಪ ಮೇಲೆ. ಬೆಳಿಗ್ಗೆ ಎದ್ದರೆ ಕೆಳಗಿನ ಕಣಿವೆ ಪೂರ್ತಿ ಮಂಜು, ರಾಜಾಸೀಟಿನಲ್ಲಿ ನಿಂತ ಹಾಗೆ. ಆ ಪಾಲ್ಪಾ ಜಿಲ್ಲೆಯಲ್ಲಿ, ಪಕ್ಕದ ಗುಲ್ಮಿಯಲ್ಲಿ ಅರೇಬಿಕಾ ಕಾಫಿ ಬೆಳೆಯುತ್ತಾರೆ. ಒಂದು ಮನೆಯ ಅಂಗಳದಲ್ಲಿ ಚಾಪೆ ಮೇಲೆ ಹಣ್ಣಿನ ಸಿಪ್ಪೆ ತೆಗೆದ ಕಾಫಿ ಬೀಜ, ಅಂದರೆ ಪಾರ್ಚ್‌ಮೆಂಟ್ ಹರಡಿದ್ದನ್ನು ಕಂಡು ನಾವಿಬ್ಬರೂ ನಿಂತೆವು. ಒಳಗಿಂದ ಬಂದ ಹೆಂಗಸನ್ನು "ದಿದಿ" ಅಂತ ಕರೆದೆವು. ಅಲ್ಲಿ ಅಕ್ಕನಿಗೆ ದಿದಿ, ಅಣ್ಣನಿಗೆ ದಾಯಿ, ಇವೆರಡು ಪದ ಇದ್ದರೆ ನೇಪಾಳದಲ್ಲಿ ಅರ್ಧ ಕೆಲಸ ಆದಂತೆ. ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ ಒಣಗಿದೆಯಾ ಎಂದು ನೋಡಿದೆ, ಮನೆಯಲ್ಲಿ ಅಪ್ಪ ಮಾಡುವ ಹಾಗೆ. ಆ ದಿದಿ ನಕ್ಕು ಇನ್ನೂ ಎರಡು ದಿನ ಎಂದು ಬೆರಳು ತೋರಿಸಿದರು.

ಎತ್ತರದ ಬಗ್ಗೆ ಗಟ್ಟಿಯಾಗಿ ಹೇಳಬೇಕು. ನಾವು ಬೆಟ್ಟದವರು, ನಮಗೇನೂ ಆಗಲ್ಲ ಎಂಬ ಧೈರ್ಯ ಬೇಡ. ತಡಿಯಂಡಮೋಳ್ ತುದಿಯೂ 2,000 ಮೀಟರ್ ಮುಟ್ಟುವುದಿಲ್ಲ. ಅನ್ನಪೂರ್ಣ ಬೇಸ್ ಕ್ಯಾಂಪ್ 4,130 ಮೀಟರ್. ಅಲ್ಲಿ ಕಾಲಿನ ಬಲ ಲೆಕ್ಕಕ್ಕಿಲ್ಲ, ಮೈಗೆ ಕಡಿಮೆ ಆಮ್ಲಜನಕ ಒಗ್ಗಬೇಕು, ಅದಕ್ಕೆ ಬೇಕಾದ್ದು ದಿನಗಳು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ಒಂದು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ಉಳಿಯಬೇಕು. ತಲೆನೋವು, ವಾಂತಿ ಶುರುವಾದರೆ ಮೇಲೆ ಹೋಗಬೇಡಿ. ಕಡಿಮೆಯಾಗದೆ ಜಾಸ್ತಿಯಾದರೆ, ಹೆಜ್ಜೆ ತಪ್ಪುತ್ತಿದ್ದರೆ, ಕೂತಲ್ಲೂ ಉಸಿರು ಕಟ್ಟುತ್ತಿದ್ದರೆ ಆ ಕೂಡಲೇ ಕೆಳಗೆ ಇಳಿಯಿರಿ, ರಾತ್ರಿಯಾದರೂ ಸರಿ. ನಾನು ಸುಮಾರು 3,700 ಮೀಟರ್‌ನಲ್ಲಿ ತಲೆ ಸಿಡಿಯುವಂತಾಗಿ ವಾಪಸ್ ಇಳಿದೆ. ಬೇಸ್ ಕ್ಯಾಂಪ್ ನೋಡಲಿಲ್ಲ. ತಂಗಿಯೂ ನನ್ನ ಜೊತೆ ಇಳಿದಳು, ಒಂದು ಮಾತು ಆಡಲಿಲ್ಲ. ಜೊತೆಗೆ ಯಾರನ್ನು ಕರೆದುಕೊಂಡು ಹೋಗುತ್ತೀರಿ ಎನ್ನುವುದನ್ನು ಇಂಥ ಹೊತ್ತನ್ನು ಯೋಚಿಸಿ ತೀರ್ಮಾನಿಸಿ. ಮಾತ್ರೆಗಳ ಬಗ್ಗೆ ಹೊರಡುವ ಮೊದಲೇ ಡಾಕ್ಟರನ್ನು ಕೇಳಿ. ಪ್ರಯಾಣ ವಿಮೆ ಮಾಡಿಸುವಾಗ ಅದು ಎಷ್ಟು ಎತ್ತರದವರೆಗೆ ನಡೆಯುತ್ತದೆ ಎಂದು ಓದಿ.

ಮೆಕಾಂಗ್ ಕಡೆ

ಮಣಿಪುರದ ಮೋರೆಯಿಂದ ಮ್ಯಾನ್ಮಾರ್ ದಾಟಿ ಥಾಯ್ಲೆಂಡಿಗೆ ರಸ್ತೆಯಲ್ಲೇ ಹೋಗಬೇಕೆಂಬ ಆಸೆ ನನಗೂ ಇತ್ತು. 2021ರ ಸೇನಾ ಕ್ರಾಂತಿಯ ನಂತರ ಅಲ್ಲಿ ಕಾಳಗ ನಿಂತಿಲ್ಲ, ಆ ದಾರಿ ಸದ್ಯಕ್ಕೆ ಮರೆತುಬಿಡಿ. ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ಒಂದು ವಿಮಾನ ಹತ್ತಲೇಬೇಕು. ಅಲ್ಲಿಂದ ಮುಂದೆ ನೆಲ, ನೀರು ಎರಡೂ ಸಿಗುತ್ತವೆ.

ನಾವು ರೈಲಿನಲ್ಲಿ ಚಿಯಾಂಗ್ ಮಾಯ್‌ಗೆ, ಅಲ್ಲಿಂದ ಚಿಯಾಂಗ್ ಖೋಂಗ್‌ನ ಗಡಿ ಸೇತುವೆ ದಾಟಿ ಲಾವೋಸ್‌ನ ಹುವಾಯ್ ಸಾಯ್‌ಗೆ ಹೋದೆವು. ಅಲ್ಲಿಂದ ಲುವಾಂಗ್ ಪ್ರಬಾಂಗ್‌ಗೆ ಮೆಕಾಂಗ್ ನದಿಯಲ್ಲಿ ನಿಧಾನದ ದೋಣಿ. ಎರಡು ದಿನ, ನಡುವೆ ಪಾಕ್‌ಬೆಂಗ್ ಎಂಬ ಊರಲ್ಲಿ ರಾತ್ರಿ. ವೇಗದ ದೋಣಿಯೂ ಇದೆ, ಅದರ ಬಗ್ಗೆ ಯೋಚನೆಯೂ ಬೇಡ, ನದಿಯಲ್ಲಿ ಬಂಡೆಗಳಿವೆ. ನಿಧಾನದ ದೋಣಿಯಲ್ಲಿ ಬೇಗ ಹತ್ತಿ ಎಂಜಿನ್ನಿನಿಂದ ದೂರ ಕೂರಿ. ತಿನ್ನಲು ಅಂಟು ಅಕ್ಕಿಯ ಅನ್ನ ಕಟ್ಟಿಸಿಕೊಳ್ಳಿ, ಸಣ್ಣ ಬಿದಿರ ಬುಟ್ಟಿಯಲ್ಲಿಟ್ಟು ಕೈಯಲ್ಲಿ ಉಂಡೆ ಮಾಡಿ ತಿನ್ನುತ್ತಾರೆ. ಮಳೆಗಾಲದಲ್ಲಿ ನದಿ ಕೆಂಪಗೆ, ಭಾಗಮಂಡಲದಲ್ಲಿ ಪ್ರವಾಹ ಬಂದಾಗಿನ ಕಾವೇರಿಯ ಬಣ್ಣ, ಆದರೆ ಅಗಲ ಎಷ್ಟೋ ಪಾಲು ಜಾಸ್ತಿ. ಎರಡು ದಿನ ಮಾಡಲು ಏನೂ ಕೆಲಸವಿಲ್ಲ. ದಡದಲ್ಲಿ ಎಮ್ಮೆ, ಬಿದಿರು ಮೆಳೆ, ಬಲೆ ಹಾಕುವ ಮಕ್ಕಳು. ಇಡೀ ಏಳು ವಾರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನೆನಪಿರುವುದು ಆ ಎರಡು ದಿನ.

ಲುವಾಂಗ್ ಪ್ರಬಾಂಗ್‌ನಿಂದ ರಾಜಧಾನಿ ವಿಯೆಂಟಿಯಾನ್‌ಗೆ 2021ರ ಡಿಸೆಂಬರ್‌ನಲ್ಲಿ ಶುರುವಾದ ಹೊಸ ರೈಲಿದೆ, ಸುಮಾರು ಎರಡು ಗಂಟೆ. ಮಳೆಗಾಲದಲ್ಲಿ ರಸ್ತೆ ಬಿಟ್ಟು ಇದನ್ನೇ ಹಿಡಿಯಿರಿ. ಅಲ್ಲಿಂದ ಹಾನೊಯ್‌ಗೆ ಬಸ್ಸು ಸುಮಾರು 24 ಗಂಟೆ. ನಾವು ಹೋದೆವು, ನಿಮಗೆ ಬೇಡ ಎನ್ನುತ್ತೇನೆ. ಗಡಿಗೆ ಬೆಳಗಿನ ಜಾವವೇ ತಲುಪಿ, ಕಚೇರಿ ತೆರೆಯುವವರೆಗೆ ಬಸ್ಸಿನಲ್ಲೇ ನಡುಗುತ್ತಾ ಕೂರಬೇಕು. ಜೊತೆಗೆ ಬಸ್ಸಿನ ತುಂಬ ಸರಕಿನ ಮೂಟೆ, ಕಾಲು ಚಾಚಲೂ ಜಾಗವಿಲ್ಲ. ನಡುವೆ ಒಂದು ಊರಲ್ಲಿ ಇಳಿದು ಎರಡು ದಿನದಲ್ಲಿ ಹೋಗುವುದು ಮೇಲು.

ವಿಯೆಟ್ನಾಂ ಉದ್ದದ ದೇಶ. ಹಾನೊಯ್‌ನಿಂದ ಹೋ ಚಿ ಮಿನ್ಹ್ ಸಿಟಿಗೆ ರೈಲು ದಾರಿಯೇ 1,726 ಕಿಲೋಮೀಟರ್. ಪೂರ್ತಿ ಒಂದೇ ಸಲ ಹೋಗಬೇಡಿ, ತುಂಡು ತುಂಡಾಗಿ ಟಿಕೆಟ್ ತೆಗೆಯಿರಿ. ಹುಎಯಿಂದ ದನಾಂಗ್‌ವರೆಗಿನ ತುಂಡನ್ನು ಹಗಲಲ್ಲೇ ಮಾಡಿ. ಹಾಯ್ ವಾನ್ ಬೆಟ್ಟದ ಬುಡದಲ್ಲಿ ರೈಲು ಸಮುದ್ರದ ಅಂಚಿನಲ್ಲೇ ಸಾಗುತ್ತದೆ, ಒಂದು ಕಡೆ ಕಾಡು, ಕಿಟಕಿಯ ಕೆಳಗೇ ಅಲೆ. ಬೈಕು ಬಾಡಿಗೆಗೆ ತೆಗೆದುಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ನಮ್ಮ ಅಂತರರಾಷ್ಟ್ರೀಯ ಚಾಲನಾ ಪರವಾನಗಿ 1949ರ ರಸ್ತೆ ಸಂಚಾರ ಒಪ್ಪಂದದ್ದು, ವಿಯೆಟ್ನಾಂ ಒಪ್ಪುವುದು 1968ರದ್ದು. ಬಿದ್ದು ಏಟಾದರೆ ವಿಮೆಯವರು ದುಡ್ಡು ಕೊಡದಿರಬಹುದು. ಅದೂ ಅಲ್ಲದೆ ಥಾಯ್ಲೆಂಡ್ ಬಿಟ್ಟು ಉಳಿದ ಮೂರೂ ಕಡೆ ಗಾಡಿಗಳು ಬಲಕ್ಕೆ ಓಡುತ್ತವೆ, ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ.

ದುಡ್ಡು: ಎರಡು ಕಾರ್ಡು, ಎರಡೂ ಬೇರೆ ಬೇರೆ ಜಾಗದಲ್ಲಿ. ಸ್ವಲ್ಪ ಡಾಲರ್, ಹರಿಯದ, ಗೀಚದ ನೋಟುಗಳು, ಕಾಂಬೋಡಿಯಾದಲ್ಲಿ ಸಣ್ಣ ಹರಕಿದ್ದರೂ ವಾಪಸ್ ಕೊಡುತ್ತಾರೆ. ವಿಯೆಟ್ನಾಂನ 20,000 ಮತ್ತು 500,000 ಡಾಂಗ್ ನೋಟುಗಳು ಎರಡೂ ನೀಲಿ, ಸಂಜೆ ಬೆಳಕಿನಲ್ಲಿ ಒಂದೇ ಥರ ಕಾಣುತ್ತವೆ. ಬೇರೆ ಬೇರೆ ಜೇಬಿನಲ್ಲಿಡಿ.

ಗಡಿಗಳು ಮುಚ್ಚುವುದೂ ಉಂಟು. ನಾವು ಕಾಂಬೋಡಿಯಾದ ಪೋಯ್ಪೆಟ್ ದಾಟಿ ಬ್ಯಾಂಕಾಕ್‌ಗೆ ಬಸ್ಸಿನಲ್ಲಿ ಬಂದೆವು. ಮರುವರ್ಷ, 2025ರ ಜುಲೈನಲ್ಲಿ, ಆ ಎರಡು ದೇಶಗಳ ನಡುವೆ ಕಾಳಗವೇ ನಡೆಯಿತು, ನೆಲದ ಗಡಿಗಳು ಮುಚ್ಚಿದ್ದವು. ಹಾಗಾಗಿ ವಾಪಸ್ ವಿಮಾನಕ್ಕೆ ಮೂರ್ನಾಲ್ಕು ದಿನ ಮೊದಲೇ ಆ ಊರಿಗೆ ಬಂದು ಸೇರುವಂತೆ ಲೆಕ್ಕ ಹಾಕಿ, ಬೇರೆ ದಾರಿಗೆ ಬೇಕಾದಷ್ಟು ದುಡ್ಡು ಮುಟ್ಟದೆ ತೆಗೆದಿಡಿ.

ಹೆಣ್ಣುಮಕ್ಕಳಿಗೆ ಎರಡು ಮಾತು. ಹೊಸ ಊರಿಗೆ ಬೆಳಕಿರುವಾಗಲೇ ತಲುಪಿ, ಮೊದಲ ರಾತ್ರಿಯ ಕೋಣೆಯನ್ನು ಮಾತ್ರ ಮೊದಲೇ ಮಾಡಿಡಿ. ದಿನಾ ಒಂದೇ ಹೊತ್ತಿಗೆ ಮನೆಗೆ ಒಂದು ಸಂದೇಶ ಕಳಿಸಿ, ಇವತ್ತು ಎಲ್ಲಿ, ನಾಳೆ ಎಲ್ಲಿಗೆ ಎಂದು. ನಾವು ರಾತ್ರಿ ಎಂಟಕ್ಕೆ ಕಳಿಸುತ್ತಿದ್ದೆವು. ಸಿಗ್ನಲ್ ಇಲ್ಲದ ಕಡೆ ಹೋಗುವ ಮುಂಚೆ "ಎರಡು ದಿನ ಮಾತಿಲ್ಲ" ಎಂದು ಹೇಳಿ ಹೋಗುತ್ತಿದ್ದೆವು. ಅಮ್ಮ ನಿದ್ದೆ ಮಾಡಿದರು.

ಊಟಕ್ಕೆ ಚಿಂತೆ ಬೇಡ. ಲಾವೋಸ್‌ನಲ್ಲಿ ಕಳಲೆ ಸಾರು ಇದೆ, ನಮ್ಮ ಬೈಂಬಳೆಯಷ್ಟು ಖಾರ ಇಲ್ಲ, ಆದರೆ ಆ ವಾಸನೆ ಅದೇ. ವಿಯೆಟ್ನಾಂನಲ್ಲಿ ಬೆಳಿಗ್ಗೆ ಕೊಡುವ ಅಕ್ಕಿ ಶಾವಿಗೆ ಕಂಡು ತಂಗಿ "ಅಕ್ಕಾ, ನೂಲ್‌ಪುಟ್ಟು!" ಎಂದು ಕೂಗಿದಳು. ಸಸ್ಯಾಹಾರಿಗಳು ಮಾತ್ರ ಮೀನಿನ ಸಾಸ್ ಬೇಡ ಎಂಬ ವಾಕ್ಯವನ್ನು ಅಲ್ಲಿಯ ಭಾಷೆಯಲ್ಲಿ ಬರೆಸಿ ಇಟ್ಟುಕೊಳ್ಳಿ, ತರಕಾರಿಗೂ ಅದನ್ನು ಹಾಕುತ್ತಾರೆ.

ಕೊನೆಗೆ, ಚೀಲದಲ್ಲಿ ಉಳಿದ ಜಾಗಕ್ಕೆ ಮನೆಯ ಕಾಫಿ ಪುಡಿಯ ನೂರು ಗ್ರಾಂ ಪೊಟ್ಟಣ ಮೂರು ನಾಲ್ಕು ಹಾಕಿಕೊಳ್ಳಿ. ದುಡ್ಡು ಬೇಡ ಎನ್ನುವವರ ಮನೆಯಲ್ಲಿ ಉಂಡಾಗ ಕೊಡಲು ಕೈಯಲ್ಲಿ ಏನಾದರೂ ಇರಬೇಕು. ನ್ಯಾ ಟ್ರಾಂಗ್‌ನಿಂದ ಬಸ್ಸಿನಲ್ಲಿ ಬೆಟ್ಟ ಹತ್ತಿ ನಾವು ಬುವೊನ್ ಮಾ ಥುವೊಟ್‌ಗೆ ಹೋದೆವು, ವಿಯೆಟ್ನಾಂನ ರೊಬಸ್ಟಾ ನಾಡು ಅದು. ನೆರಳು ಮರಗಳು ಕಡಿಮೆ, ಸಾಲು ಸಾಲು ಗಿಡ, ಕಂಬಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ. ನಾವು ಉಳಿದ ಮನೆಯ ಅಜ್ಜನಿಗೆ ನನ್ನ ಫೋನಿನಲ್ಲಿ ನಮ್ಮ ತೋಟದ ಫೋಟೋ ತೋರಿಸಿದೆ. ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿಯನ್ನು ಅವರು ಬೆರಳಿನಿಂದ ದೊಡ್ಡದು ಮಾಡಿ ನೋಡಿದರು, ಎಷ್ಟು ಎತ್ತರ ಎಂದು ಕೈ ಮೇಲೆತ್ತಿ ಕೇಳಿದರು, ಕೊಯ್ಯುವುದು ಹೇಗೆ ಎಂದು ಏಣಿ ಹತ್ತುವ ಹಾಗೆ ಕಾಲಾಡಿಸಿದರು. ನಾನು ಹೌದು, ಏಣಿ ಎಂದೆ. ಮರುದಿನ ಬೆಳಿಗ್ಗೆ ಅವರು ತಮ್ಮ ಸಣ್ಣ ತಗಡಿನ ಫಿಲ್ಟರಿಗೆ ನಮ್ಮ ಮನೆಯ ಪುಡಿ ಹಾಕಿ, ಕೆಳಗೆ ಗಟ್ಟಿ ಹಾಲಿನ ಲೋಟ ಇಟ್ಟು, ಹನಿ ಹನಿಯಾಗಿ ಇಳಿಯುವುದನ್ನು ನೋಡುತ್ತಾ ನಮ್ಮ ಜೊತೆ ಕೂತರು.